ಉಸಿರಣ್ಣನ ಹನ್ನೆರಡನೆಯ ಗ್ರಹಣ

ಆಸ್ಪತ್ರೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಸಂಬಳದ ಪಟ್ಟಿ ಬರೆಯುವ ಗುಮಾಸ್ತರೊಬ್ಬರೇ. ಉಳಿದವರಿಗೆಲ್ಲ ಅವರು ಉಸಿರಣ್ಣ. ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತಾರು ವರ್ಷಗಳಿಂದ, ದಿನಕ್ಕೆ ಇಪ್ಪತ್ತು ಮೂವತ್ತು ಸಲ, ಅವರು ಹೇಳುತ್ತ ಬಂದಿರುವುದು ಅದೇ ಮೂರು ಮಾತು: "ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಬಿಡಿ." ಎದೆಯ ಚಿತ್ರ ತೆಗೆಸಿಕೊಂಡವರಿಗೆ ಅವರ ಮುಖ ನೆನಪಿರುವುದಿಲ್ಲ, ಏಕೆಂದರೆ ಅವರು ನಿಲ್ಲುವುದು ಸೀಸದ ತಡಿಕೆಯ ಹಿಂದೆ. ದನಿ ಮಾತ್ರ ನೆನಪಿರುತ್ತದೆ. ಒಮ್ಮೆ ತರಕಾರಿ ಅಂಗಡಿಯಲ್ಲಿ ಅವರು "ಸೌತೆಕಾಯಿ ಎಷ್ಟು?" ಎಂದು ಕೇಳಿದ್ದಕ್ಕೆ ಪಕ್ಕದಲ್ಲಿದ್ದ ಮುದುಕಿಯೊಬ್ಬರು ಸಟ್ಟನೆ ಉಸಿರು ಬಿಗಿಹಿಡಿದು ನಿಂತರಂತೆ. ಇದು ಅವರ ಹೆಂಡತಿ ಹೇಳಿದ್ದು. ನಿಜವೋ ಕಟ್ಟಿದ್ದೋ ಆಕೆಯನ್ನೇ ಕೇಳಬೇಕು.

ಆಕೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾರೆ. ಶಾಲೆಯ ಸಮವಸ್ತ್ರ, ಹೊದಿಕೆ, ದಿಂಬಿನ ಕವರು ಹೊಲಿದುಕೊಡುತ್ತಾರೆ. ನಾನು ಆರು ದಿಂಬಿನ ಕವರಿಗೆ ಬಟ್ಟೆ ಕೊಡಲು ಹೋದವಳು ಈ ಕಥೆ ಕೇಳುತ್ತ ಸಂಜೆಯವರೆಗೆ ಅಲ್ಲೇ ಕೂತೆ. ನಡುವೆ ಉಸಿರಣ್ಣನೂ ಬಂದು ಅಲ್ಲಲ್ಲಿ ತಿದ್ದಿದರು.

ಅವರಿಗೆ ಚಂದ್ರಗ್ರಹಣದ ಫೋಟೋ ತೆಗೆಯುವ ಹವ್ಯಾಸ. ಅದು ಶುರುವಾದದ್ದು ಸೂರ್ಯಗ್ರಹಣದಿಂದ. ಹನ್ನೆರಡು ವರ್ಷದ ಹಿಂದೆ ಸೂರ್ಯಗ್ರಹಣವೊಂದು ಬರುವುದಿತ್ತು. ಹಳೆಯ ಎಕ್ಸ್‌ರೇ ಫಿಲ್ಮ್ ಅಡ್ಡ ಹಿಡಿದು ಸೂರ್ಯನನ್ನು ನೋಡಬಹುದೆಂದು ನಂಬಿದವರೆಲ್ಲ ಆಸ್ಪತ್ರೆಯ ಓಣಿಯ ಕೊನೆಗೆ ಬಂದು ಅವರ ಕೋಣೆಯ ಬಾಗಿಲು ತಟ್ಟಿದರು. "ಒಂದು ಹಳೇ ಫಿಲ್ಮ್ ಇದ್ರೆ ಕೊಡಿ ಅಣ್ಣ." ಅವರು ಒಬ್ಬರಿಗೂ ಕೊಡಲಿಲ್ಲ. "ಕಣ್ಣು ಹೋಗುತ್ತೆ. ಅಷ್ಟು ನೋಡೋ ಆಸೆ ಇದ್ರೆ ಚಂದ್ರನ ಗ್ರಹಣ ನೋಡಿ. ಅದಕ್ಕೆ ಫಿಲ್ಮೂ ಬೇಡ, ಕನ್ನಡಕವೂ ಬೇಡ" ಎಂದು ಹೇಳಿ ಹೇಳಿ ಬಾಯಿ ನೋಯಿಸಿಕೊಂಡರು. ಕೊನೆಗೆ ಹಿರಿಯ ನರ್ಸ್ ಕೇಳಿದರು: "ನೀವು ನೋಡಿದ್ದೀರಾ ಉಸಿರಣ್ಣ?"

ನೋಡಿರಲಿಲ್ಲ. ಆ ವರ್ಷವೇ ನೋಡಿದರು. ತಾಮ್ರದ ಬಣ್ಣಕ್ಕೆ ತಿರುಗಿದ ಚಂದ್ರ ಅವರಿಗೆ ಹೊಸಬನೆನಿಸಲಿಲ್ಲವಂತೆ. ಫಿಲ್ಮ್ ತೊಳೆಯುವ ಕತ್ತಲೆಕೋಣೆಯಲ್ಲಿ ಅವರ ತಲೆಯ ಮೇಲೆ ದಿನವೂ ಉರಿಯುವ ಮಂದ ಕೆಂಪು ದೀಪದ ಬಣ್ಣವೇ ಅದು. "ನಮ್ಮ ಕೋಣೆ ದೀಪ ಮೇಲೆ ಹೋಗಿ ಕೂತಿದೆ ಅನ್ನಿಸ್ತು" ಎಂದರು.

ಮುಂದಿನ ಗ್ರಹಣಕ್ಕೆ ಕ್ಯಾಮೆರಾ ಬಂತು, ಯಾರೋ ಬಳಸಿ ಬಿಟ್ಟದ್ದು. ಮೊದಲ ಫೋಟೋವನ್ನು ಹೆಂಡತಿ ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿ, "ಈ ಗುಂಡಿ ಯಾವ ಅಂಗಿಯಿಂದ ಬಿತ್ತು?" ಎಂದರು. ಕಪ್ಪು ಬಟ್ಟೆಯ ಮೇಲೆ ಬಿಳಿ ಗುಂಡಿಯಂತೆಯೇ ಇತ್ತದು. ಛಲ ಬಿಡದೆ ಉಸಿರಣ್ಣ ಕಲಿತರು. ಗುಜರಿಯಲ್ಲಿ ದಪ್ಪ ಗಾಜೊಂದು ಸಿಕ್ಕಿತು. ಪೈಪಿನ ಅಂಗಡಿಯಿಂದ ಅಗಲವಾದ ಪ್ಲಾಸ್ಟಿಕ್ ಕೊಳವೆ ತಂದು ಅದರ ತುದಿಗೆ ಗಾಜು ಕೂರಿಸಿ, ಹಿಂಬದಿಗೆ ಕ್ಯಾಮೆರಾ ಸಿಕ್ಕಿಸಿದರು. ಹೀಗೆ ಹನ್ನೊಂದು ಗ್ರಹಣಗಳಾದವು. ಆಲ್ಬಮ್ಮಿನಲ್ಲಿ ಹನ್ನೊಂದಕ್ಕೂ ಪುಟವಿದೆ. ಮೂರು ಪುಟಗಳಲ್ಲಿ ಬರೀ ಕಪ್ಪು ಚೌಕ, ಕೆಳಗೆ ದಿನಾಂಕ, ಪಕ್ಕದಲ್ಲಿ 'ಮೋಡ' ಎಂಬ ಒಂದೇ ಪದ.

"ಇದನ್ಯಾಕ್ರೀ ಅಂಟಿಸಿದ್ದೀರ?" ಎಂದು ಹೆಂಡತಿ ಕೇಳಿದ್ದರು.

"ಗ್ರಹಣ ಆಯ್ತಲ್ಲ ಆ ದಿನ. ನಮಗೆ ಕಾಣ್ಲಿಲ್ಲ ಅಷ್ಟೇ."

ಕೆಲಸದಲ್ಲೂ ಅವರು ಹಾಗೆಯೇ. ಆ ಆಸ್ಪತ್ರೆ ಚಿಕ್ಕದು. ಬೇರೆಡೆ ಎಕ್ಸ್‌ರೇ ನೇರವಾಗಿ ಕಂಪ್ಯೂಟರಿಗೆ ಹೋಗುವ ಕಾಲದಲ್ಲೂ ಅಲ್ಲಿ ಫಿಲ್ಮೇ ಇದೆ. ಫಿಲ್ಮನ್ನು ಕ್ಯಾಸೆಟ್ ಎಂಬ ಚಪ್ಪಟೆ ಲೋಹದ ಪೆಟ್ಟಿಗೆಯೊಳಗೆ ಇಟ್ಟು, ರೋಗಿಯ ಎದೆಗೆ ಒತ್ತಿ ಹಿಡಿಸಿ ಚಿತ್ರ ತೆಗೆಯಬೇಕು. ಪೆಟ್ಟಿಗೆಯ ಒಳಮೈಗೆ ಬಿಳಿ ಹಾಳೆಯಂಥದೊಂದು ಅಂಟಿಸಿರುತ್ತದೆ. ಕಿರಣ ಬಿದ್ದಾಗ ಆ ಹಾಳೆ ಹೊಳೆದು ಫಿಲ್ಮಿನ ಮೇಲೆ ಚಿತ್ರ ಮೂಡಿಸುತ್ತದೆ. ಹಾಳೆಯ ಮೇಲೆ ಒಂದು ಕೂದಲು ಬಿದ್ದಿದ್ದರೂ ಫಿಲ್ಮಿನಲ್ಲಿ ಆ ಜಾಗ ಬಿಳಿಯಾಗಿ ಉಳಿಯುತ್ತದೆ. ಆದ್ದರಿಂದ ಪ್ರತಿ ಶನಿವಾರ ಮಧ್ಯಾಹ್ನ ಉಸಿರಣ್ಣ ಆರೂ ಕ್ಯಾಸೆಟ್ ಬಿಚ್ಚಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಕತ್ತಲೆಕೋಣೆಯ ಮೇಜಿನ ಮೇಲೆ ಪುಸ್ತಕ ತೆರೆದಿಟ್ಟಂತೆ ಸಾಲಾಗಿ ನಿಲ್ಲಿಸಿ ಒಣಗಿಸುತ್ತಾರೆ. ಅವರ ಫಿಲ್ಮನ್ನು ಎರಡನೇ ಸಲ ತೆಗೆಯಬೇಕಾಗಿ ಬಂದದ್ದು ಯಾರ ನೆನಪಿನಲ್ಲೂ ಇಲ್ಲ. ಅದು ಅವರ ಹೆಮ್ಮೆ. ಸ್ವಲ್ಪ ಅಹಂಕಾರವೂ ಹೌದು ಎಂದು ಈಗ ಅವರೇ ಒಪ್ಪುತ್ತಾರೆ.

ಹನ್ನೆರಡನೆಯ ಗ್ರಹಣ ಒಂದು ಗುರುವಾರ ಬೆಳಗಿನ ಜಾವಕ್ಕಿತ್ತು. ಅದರ ಹಿಂದಿನ ಶನಿವಾರ ಅವರು ಕ್ಯಾಸೆಟ್‌ಗಳ ಜೊತೆಗೆ ತಮ್ಮ ಕೊಳವೆಯನ್ನೂ ಕತ್ತಲೆಕೋಣೆಗೆ ಒಯ್ದಿದ್ದರು. ಕೊಳವೆಯ ಒಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದರೆ ಅಡ್ಡಬೆಳಕು ಒಳಗೆ ಚಿಮ್ಮುವುದಿಲ್ಲ, ಚಂದ್ರ ಇನ್ನಷ್ಟು ಸ್ಪಷ್ಟವಾಗಿ ಬರುತ್ತಾನೆ. ಮನೆಯಲ್ಲಿ ಬಣ್ಣದ ಡಬ್ಬಿ ಬಿಚ್ಚಿದರೆ ಹೊಲಿಗೆಯ ಬಟ್ಟೆಗೆ ತಗುಲೀತೆಂದು ಹೆಂಡತಿ ಅವರನ್ನು ಅಟ್ಟಿದ್ದರು.

ಹಿರಿಯ ನರ್ಸ್ ಬಾಗಿಲಲ್ಲಿ ಇಣುಕಿ ನಕ್ಕರು. "ಏನ್ ಉಸಿರಣ್ಣ, ಚಂದ್ರನಿಗೂ ಉಸಿರು ಹಿಡ್ಕೋ ಅಂತೀರಾ?"

"ಅವನು ಹುಟ್ಟಿದಾಗಿನಿಂದ ಹಿಡ್ಕೊಂಡೇ ಇದ್ದಾನೆ ಸಿಸ್ಟರ್. ಅಲ್ಲಾಡೋದು ನನ್ನ ಕೈ."

ಸಂಜೆ ಕ್ಯಾಸೆಟ್‌ಗಳಿಗೆ ಕೆಂಪು ದೀಪದ ಕೆಳಗೆ ಫಿಲ್ಮ್ ತುಂಬಿ ಮುಚ್ಚಿ ಮನೆಗೆ ಹೋದರು. ಆ ಕೆಲಸಕ್ಕೆ ಅವರು ಕಣ್ಣು ಬಳಸುವುದಿಲ್ಲ. ಅಷ್ಟು ವರ್ಷಗಳ ಮೇಲೆ ಬೆರಳಿಗೇ ಎಲ್ಲ ಗೊತ್ತು.

ಹೆಂಡತಿಗೆ ಮೂರು ವಾರದಿಂದ ಕೆಮ್ಮು. ಸೋಮವಾರ ಅವರೇ ಒತ್ತಾಯಿಸಿ ಕರೆದೊಯ್ದರು. ತಡಿಕೆಯ ಹಿಂದೆ ನಿಂತು ಮೂರು ಮಾತು ಹೇಳಿದರು. "ಮನೇಲಿ ಇಷ್ಟು ಮರ್ಯಾದೆಯಾಗಿ ಮಾತಾಡಲ್ಲ" ಎಂದು ಆಕೆ ನಗುತ್ತ ಹೊರಗಿನ ಬೆಂಚಿಗೆ ಹೋದರು. ಉಸಿರಣ್ಣ ಕತ್ತಲೆಕೋಣೆಗೆ ಹೋಗಿ ಫಿಲ್ಮ್ ತೊಳೆದರು. ಹನಿ ತೊಟ್ಟಿಕ್ಕುವ ಫಿಲ್ಮನ್ನು ಕೆಂಪು ದೀಪಕ್ಕೆ ಎತ್ತಿ ಹಿಡಿದರು.

ಬಲ ಶ್ವಾಸಕೋಶದಲ್ಲಿ ಒಂದು ಚುಕ್ಕೆ. ಹೆಸರುಕಾಳಿನಷ್ಟು ದೊಡ್ಡದು, ಬಿಳಿ, ಅಂಚು ಮಸುಕು.

ಇಂಥ ಚುಕ್ಕೆಗಳನ್ನು ಅವರು ಬೇರೆಯವರ ಎದೆಯಲ್ಲಿ ಕಂಡಿದ್ದಾರೆ. ಅವರಲ್ಲಿ ಕೆಲವರು ಮತ್ತೆ ಆ ಓಣಿಗೆ ಬಂದಿಲ್ಲ ಎಂಬುದೂ ಗೊತ್ತು.

ಡಾಕ್ಟರು ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದರು. "ಇನ್ನೊಂದು ತೆಗೆದು ನೋಡೋಣವಾ?"

"ಬೇಡ ಸಾರ್. ಸರಿಯಾಗೇ ಬಂದಿದೆ" ಎಂದರು ಉಸಿರಣ್ಣ.

ಅನುಮಾನ ಬಂದಾಗ ಬೇರೆ ಕ್ಯಾಸೆಟ್ಟಿನಲ್ಲಿ ಇನ್ನೊಂದು ತೆಗೆಯಬೇಕೆಂದು ಕಲಿಯಲು ಬಂದ ಎಷ್ಟೋ ಜನರಿಗೆ ಹೇಳಿಕೊಟ್ಟವರು ಅವರೇ. ಆ ದಿನ ಬೇಡವೆಂದದ್ದು ಏಕೆಂದು ನಾನು ಕೇಳಿದೆ. ತಲೆ ತಗ್ಗಿಸಿ ಹೇಳಿದರು: "ಎರಡನೇ ಸಲ ಅದನ್ನ ನೋಡೋ ಧೈರ್ಯ ಇರಲಿಲ್ಲ. ಬಾಯಿಗೆ ಬಂದದ್ದು ಮಾತ್ರ ಜಂಬದ ಮಾತು."

ಡಾಕ್ಟರು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಮುಂದಿನ ಸೋಮವಾರ ಸ್ಕ್ಯಾನ್. ಆಕೆಗೂ ಮುಚ್ಚಿಡದೆ ಹೇಳಿದರು, ಒಂದು ಚುಕ್ಕೆ ಇದೆ, ಏನೆಂದು ನೋಡಬೇಕು ಎಂದು.

ಮಂಗಳವಾರ, ಬುಧವಾರ ಉಸಿರಣ್ಣ ರಜೆ ಹಾಕಿದರು. ಹಾಕಿ ಮಾಡಿದ್ದೇನೂ ಇಲ್ಲ. ಟೀ ಲೋಟ ಹಿಡಿದು ಕಿಟಕಿಯ ಬಳಿ ನಿಂತರೆ ಟೀ ಕೆನೆಗಟ್ಟುವವರೆಗೂ ನಿಂತಿರುತ್ತಿದ್ದರು. ಆಕೆ ಯಂತ್ರ ತುಳಿಯುತ್ತಲೇ ಇದ್ದರು. ಸದ್ದು ನಿಂತರೆ ಅವರು ಗಾಬರಿಯಿಂದ ಓಡಿ ಬರುತ್ತಾರೆಂದು ದಾರ ಮುಗಿದರೂ ಸುಮ್ಮನೆ ತುಳಿಯುತ್ತಿದ್ದರಂತೆ.

ಆಕೆಗೆ ದಿನವೂ ಎದ್ದೊಡನೆ ಐದು ನಿಮಿಷ ಕಣ್ಣು ಮುಚ್ಚಿ ಪ್ರಾರ್ಥಿಸುವ ಅಭ್ಯಾಸ. ಆ ದಿನಗಳಲ್ಲಿ ಏನು ಬೇಡಿಕೊಂಡಿರಿ ಎಂದೆ.

"ನನಗಂತ ಏನೂ ಕೇಳ್ಲಿಲ್ಲಮ್ಮ. ಕೇಳಿದ್ರೆ ಅಳು ಬರ್ತಿತ್ತು. ಇವರಿಗೆ ಒಂದು ದಾರಿ ತೋರ್ಸಪ್ಪ ಅಂದೆ. ಮುಖ ನೋಡಕ್ಕಾಗ್ತಿರಲಿಲ್ಲ."

ಬುಧವಾರ ರಾತ್ರಿ ಕೊಳವೆ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತೇ ಇತ್ತು. ಉಸಿರಣ್ಣ ಅದರ ಕಡೆ ನೋಡಲಿಲ್ಲ. ಬೆಳಗಿನ ಜಾವ ಮೂರೂವರೆಗೆ ಅವರನ್ನು ಅಲುಗಾಡಿಸಿ ಎಬ್ಬಿಸಿದ್ದು ಹೆಂಡತಿ.

"ಏಳ್ರೀ. ನಿಮ್ಮ ನೆಂಟ ಬಂದಿದ್ದಾನೆ."

"ಬೇಡ, ಮಲ್ಕೋ."

"ಹನ್ನೆರಡನೇ ಪುಟಕ್ಕೆ ಏನಂಟಿಸ್ತೀರ? ಮೋಡ ಅಂತ ಸುಳ್ಳು ಬರೀತೀರ? ಮೋಡವೇ ಇಲ್ಲ. ನಾನು ನೋಡ್ಕೊಂಡು ಬಂದೆ."

ಇಬ್ಬರೂ ತಾರಸಿಗೆ ಹತ್ತಿದರು. ಕೊಳವೆ ಅವರ ಕೈಯಲ್ಲಿ, ಮೂರು ಕಾಲಿನ ಸ್ಟ್ಯಾಂಡು ಆಕೆಯ ಕೈಯಲ್ಲಿ. ನೀರಿನ ಟ್ಯಾಂಕಿನ ಪಕ್ಕ ಆಕೆ ಶಾಲು ಹೊದ್ದು ಬಕೆಟ್ ಬೋರಲು ಹಾಕಿ ಕೂತರು. ಪಶ್ಚಿಮದಲ್ಲಿ ಚಂದ್ರನ ಒಂದು ಅಂಚನ್ನು ಆಗಲೇ ಯಾರೋ ಇಸ್ತ್ರಿ ಪೆಟ್ಟಿಗೆಯಿಂದ ಸುಟ್ಟಂತೆ ಕಾಣುತ್ತಿತ್ತು. ಉಸಿರಣ್ಣ ಅಭ್ಯಾಸಬಲದಿಂದ ಗುರಿ ಹಿಡಿದು, ಉಸಿರು ಬಿಗಿಹಿಡಿದು, ಗುಂಡಿ ಒತ್ತಿದರು. ಐದು ನಿಮಿಷ ಬಿಟ್ಟು ಇನ್ನೊಂದು. ಮತ್ತೆ ಐದು ನಿಮಿಷಕ್ಕೆ ಮತ್ತೊಂದು. ನೆರಳು ಚಂದ್ರನ ಕಾಲು ಭಾಗ ನುಂಗಿತ್ತು.

ಆಕೆ ಎದ್ದು ಬಂದು ಕ್ಯಾಮೆರಾದ ಬೆನ್ನಿನ ಪುಟ್ಟ ತೆರೆಯಲ್ಲಿ ಬಗ್ಗಿ ನೋಡಿದರು. "ಇದೇನ್ರೀ, ಚಂದ್ರನ ಮೇಲೆ ನೊಣ ಕೂತಿದೆ."

ಬೆಳ್ಳಗಿದ್ದ ಭಾಗದಲ್ಲಿ ಒಂದು ಸಣ್ಣ ಕರಿ ಚುಕ್ಕೆ.

"ಧೂಳು. ಕ್ಯಾಮೆರಾ ಒಳಗೆ ಸೇರಿಕೊಂಡಿದೆ."

"ಚಂದ್ರಂದಲ್ಲ ಅಂತ ಹೇಗೆ ಹೇಳ್ತೀರ?"

ಯಾವ ನೋವಿನಲ್ಲಿದ್ದರೂ ಈ ವಿಷಯದಲ್ಲಿ ಪ್ರಶ್ನೆ ಕೇಳಿದರೆ ಅವರಿಗೆ ಉತ್ತರ ಕೊಡದೆ ಇರಲಾಗದು. ಮೂರು ಫೋಟೋಗಳನ್ನು ಒಂದಾದ ಮೇಲೊಂದು ತೋರಿಸಿದರು. "ನೋಡು, ಚಂದ್ರ ಸರೀತಾ ಇದ್ದಾನೆ. ಇಲ್ಲಿ ಮಧ್ಯದಲ್ಲಿದ್ದ, ಇಲ್ಲಿ ಪಕ್ಕಕ್ಕೆ ಬಂದ, ಇಲ್ಲಿ ಇನ್ನೂ ಕೆಳಗೆ. ಚುಕ್ಕೆ ಮಾತ್ರ ಚೌಕಟ್ಟಿನ ಅದೇ ಜಾಗದಲ್ಲಿದೆ. ಚಂದ್ರಂದಾಗಿದ್ರೆ ಚಂದ್ರನ ಜೊತೆಗೇ ಹೋಗಬೇಕಿತ್ತು. ಹೋಗಿಲ್ಲ. ಅಂದ್ರೆ ಅದು ಕ್ಯಾಮೆರಾದ್ದು."

"ಓಹೋ" ಎಂದರು ಆಕೆ. ಕೆಮ್ಮು ಬಂತು, ಶಾಲಿನ ಸೆರಗಿಗೆ ಕೆಮ್ಮಿದರು. ಆಮೇಲೆ ನಗುವ ದನಿಯಲ್ಲಿ, "ಹಂಗಾದ್ರೆ ನನ್ನ ಚುಕ್ಕೆ ಯಾರ ಜೊತೆ ಹೋಗುತ್ತೆ ನೋಡಿದ್ರಾ?" ಎಂದರು.

ಮೂರು ದಿನದಲ್ಲಿ ಆ ಮಾತು ಇಬ್ಬರ ನಡುವೆ ಬಂದದ್ದು ಅದೇ ಮೊದಲು. ಆಕೆ ಅರ್ಥವಿಟ್ಟು ಹೇಳಿದ್ದಲ್ಲ, ಬಿಗುವು ಸಡಿಲಿಸಲು ತಮಾಷೆಗೆ ಅಂದದ್ದು. ಆದರೆ ಉಸಿರಣ್ಣ ಗುಂಡಿಯ ಮೇಲೆ ಬೆರಳಿಟ್ಟವರು ಹಾಗೇ ನಿಂತುಬಿಟ್ಟರು.

ಸೋಮವಾರದ ಆ ಫಿಲ್ಮಿನ ಮೂಲೆಯಲ್ಲಿ, ಯಾವ ಕ್ಯಾಸೆಟ್ ಎಂದು ಗುರುತಿಸಲು ಇಟ್ಟ ಸೀಸದ ಅಂಕಿ ಅವರ ಕಣ್ಣಿಗೆ ಕಟ್ಟಿತು. ನಾಲ್ಕು. ಶನಿವಾರ ಮೇಜಿನ ಮೇಲೆ ತೆರೆದು ನಿಲ್ಲಿಸಿದ ಆರು ಕ್ಯಾಸೆಟ್‌ಗಳಲ್ಲಿ ನಾಲ್ಕನೆಯದು ಕೊಳವೆಯ ಬಾಯಿಗೆ ತೀರಾ ಹತ್ತಿರವಿತ್ತು. ಬ್ರಷ್ಷನ್ನು ಬಣ್ಣದ ಡಬ್ಬಿಯ ಅಂಚಿಗೆ ಒರೆಸಿದ್ದು ನೆನಪಾಯಿತು. ಒರೆಸದೆ ಎತ್ತಿದ್ದೂ ಒಂದೆರಡು ಸಲ ಇರಬಹುದು.

"ನಾನು ಆಸ್ಪತ್ರೆಗೆ ಹೋಗಿ ಬರ್ತೀನಿ."

"ಈಗ? ಇನ್ನೂ ಪೂರ್ತಿ ಮುಚ್ಚೇ ಇಲ್ಲ!"

ಏಕೆಂದು ಅವರು ಹೇಳಲಿಲ್ಲ. ಆಸೆ ಹುಟ್ಟಿಸಿ ಆಮೇಲೆ ಅದು ಸುಳ್ಳಾದರೆ ಏನು ಮಾಡುವುದು ಎಂಬ ಹೆದರಿಕೆ. ಚಂದ್ರ ಪೂರ್ತಿ ಕೆಂಪಾದಾಗ ಬೇಕಾಗುವಂತೆ ಕ್ಯಾಮೆರಾ ಹೊಂದಿಸಿ, ಕ್ಯಾಮೆರಾ ಮುಟ್ಟದೆ ಗುಂಡಿ ಒತ್ತುವ ತಂತಿಯನ್ನು ಆಕೆಯ ಕೈಗಿಟ್ಟರು. "ಕೆಂಪಾದ ಮೇಲೆ ಒತ್ತು. ಸರಿದು ಹೋದ್ರೆ ಕೊಳವೇನ ಒಂದು ಕೂದಲಷ್ಟು ನೂಕು. ಸೂಜಿಗೆ ದಾರ ಪೋಣಿಸ್ತೀಯಲ್ಲ, ಹಾಗೆ." ಸೈಕಲ್ ಹತ್ತಿದವರು ಹಿಂದಿರುಗಿ ನೋಡಲಿಲ್ಲ. ಹನ್ನೆರಡು ವರ್ಷದಲ್ಲಿ ಗ್ರಹಣದ ನಡುವೆ ಅವರು ಎದ್ದುಹೋದದ್ದು ಇದೊಂದೇ ಸಲ.

ಆಸ್ಪತ್ರೆಯ ಕಾವಲುಗಾರ ಕಣ್ಣುಜ್ಜುತ್ತ ಬೀಗ ತೆಗೆದ. "ಯಾರಿಗಣ್ಣ ಏನಾಯ್ತು?" ಎಂದು ಅವನು ಕೇಳುವಷ್ಟರಲ್ಲಿ ಉಸಿರಣ್ಣ ಓಣಿಯ ಕೊನೆ ಮುಟ್ಟಿದ್ದರು.

ರೋಗಿಗಳು ಇನ್ನೂ ಒಯ್ಯದ ಫಿಲ್ಮ್‌ಗಳು ಕಪಾಟಿನಲ್ಲಿದ್ದವು. ಸೋಮವಾರದ ಲಕೋಟೆಗಳಲ್ಲಿ ಹೆಂಡತಿಯದನ್ನು ಬಿಟ್ಟು ನಾಲ್ಕರ ಅಂಕಿಯವು ಇನ್ನೆರಡು ಸಿಕ್ಕವು: ಅಂಚೆಯವನ ಭುಜ, ಹಾಲಿನ ಅಂಗಡಿಯವರ ಅತ್ತೆಯ ಸೊಂಟ. ಬೆಳಕಿನ ಪೆಟ್ಟಿಗೆಗೆ ಎರಡನ್ನೂ ಸಿಕ್ಕಿಸಿದರು. ಭುಜದ ಫಿಲ್ಮಿನಲ್ಲಿ ಮೂಳೆಯ ಆಚೆ, ಮೈಯೇ ಇಲ್ಲದ ಬರೀ ಕಪ್ಪು ಜಾಗದಲ್ಲಿ, ಹೆಸರುಕಾಳಿನಷ್ಟು ಬಿಳಿ ಚುಕ್ಕೆ. ಮೂಲೆಯ ಅಂಕಿಯಿಂದ ಒಂದು ಗೇಣು ಕೆಳಗೆ, ನಾಲ್ಕು ಬೆರಳು ಒಳಗೆ. ಸೊಂಟದ ಫಿಲ್ಮಿನಲ್ಲಿ ಗೇಣು ಹಾಕಿದರು. ಅಲ್ಲೂ ಅದೇ ಜಾಗ. ಕೊನೆಗೆ ಹೆಂಡತಿಯ ಫಿಲ್ಮನ್ನೂ ಪಕ್ಕಕ್ಕೆ ಸಿಕ್ಕಿಸಿದರು. ಎರಡೆರಡು ಸಲ ಅಳೆದರು.

ಮೂರೂ ಒಂದೇ ಜಾಗ. ಭುಜ ಬೇರೆ, ಸೊಂಟ ಬೇರೆ, ಎದೆ ಬೇರೆ. ಚುಕ್ಕೆ ಯಾರ ಜೊತೆಗೂ ಹೋಗಿರಲಿಲ್ಲ.

ನಾಲ್ಕನೆಯ ಕ್ಯಾಸೆಟ್ ಬಿಚ್ಚಿ ಕತ್ತಲೆಕೋಣೆಯ ಬಿಳಿ ದೀಪ ಹಾಕಿದರು. ಇಪ್ಪತ್ತಾರು ವರ್ಷದಲ್ಲಿ ಆ ಸ್ವಿಚ್ಚನ್ನು ಅಷ್ಟು ಜೋರಾಗಿ ಒತ್ತಿದ್ದೇ ಇಲ್ಲವಂತೆ. ಬಿಳಿ ಹಾಳೆಯ ಮೇಲೆ ಒಂದು ತೊಟ್ಟು ಕಪ್ಪು ಬಣ್ಣ ಒಣಗಿ ಕೂತಿತ್ತು. ಉಗುರಿನಿಂದ ಮುಟ್ಟಿದರು, ಕೆರೆಯಲಿಲ್ಲ. ಡಾಕ್ಟರಿಗೆ ತೋರಿಸಬೇಕಲ್ಲ.

ಮನೆಗೆ ಬಂದಾಗ ಮೂಡಣ ಬೆಳ್ಳಗಾಗುತ್ತಿತ್ತು. ತಾರಸಿಯ ಮೆಟ್ಟಿಲು ಹತ್ತಿದರೆ ಆಕೆ ತಂತಿ ಹಿಡಿದು ಒಂದು ಕಣ್ಣು ಮುಚ್ಚಿ ನಿಂತಿದ್ದರು. ಎದುರಿನ ಕಟ್ಟಡಗಳ ಮೇಲೆ ಕೆಂಪು ಚಂದ್ರ ಇಳಿಯುತ್ತಿದ್ದ.

"ಮಾತಾಡಿಸ್ಬೇಡಿ, ಕೈ ಅಲ್ಲಾಡುತ್ತೆ" ಎಂದರು ಆಕೆ. ಗುಂಡಿ ಒತ್ತಿದ ಮೇಲೆ ತಿರುಗಿ ನೋಡಿದರು. "ಇದೇನು, ಮುಖಕ್ಕೆ ನೀರು ಹಾಕ್ಕೊಂಡ್ರಾ?"

ಅವರು ಬಕೆಟ್ಟಿನ ಮೇಲೆ ಕೂತು ಎಲ್ಲ ಹೇಳಿದರು. ಅರ್ಧ ಹೇಳುವಾಗಲೇ ಆಕೆ ಬಾಯಿಗೆ ಅಡ್ಡ ಕೈಯಿಟ್ಟುಕೊಂಡಿದ್ದರು. "ಆದ್ರೂ ಇನ್ನೊಂದು ಸಲ ತೆಗೀಬೇಕು. ಆಮೇಲೇನೇ ಹೇಳೋದು" ಎಂದು ಮುಗಿಸಿದರು.

ಎಂಟು ಗಂಟೆಗೆ ಇಬ್ಬರೂ ಆಸ್ಪತ್ರೆಯಲ್ಲಿದ್ದರು. ಡಾಕ್ಟರು ಕ್ಯಾಸೆಟ್ ನೋಡಿ ಮೊದಲು ಬೈದರು. "ಅವತ್ತೇ ಕೇಳಿದ್ನಲ್ಲ ನಾನು! ಜಂಬ ಜಾಸ್ತಿಯಾಯ್ತು ನಿಮಗೆ. ನಡೀರಿ, ಈಗಲೇ ತೆಗೀರಿ."

ಎರಡನೆಯ ಕ್ಯಾಸೆಟ್ಟನ್ನು ಬಿಚ್ಚಿ, ಒರೆಸಿ, ಬಿಳಿ ದೀಪದಲ್ಲಿ ಮೂರು ಸಲ ನೋಡಿ, ಆಮೇಲೆ ಕೆಂಪು ದೀಪದಲ್ಲಿ ಫಿಲ್ಮ್ ತುಂಬಿದರು. ಆಕೆ ಎದೆಯೊತ್ತಿ ನಿಂತರು. "ಉಸಿರು ಎಳ್ಕೋ." ಗುಂಡಿಯ ಮೇಲೆ ಬೆರಳಿಟ್ಟರು. "ಹಿಡ್ಕೋ."

ಯಂತ್ರ ಗುಂಯ್‌ಗುಟ್ಟಿ ನಿಂತಿತು. ಉಸಿರಣ್ಣ ತಡಿಕೆಯ ಹಿಂದಿನಿಂದ ಬಂದು ಕ್ಯಾಸೆಟ್ ಕಿತ್ತುಕೊಂಡವರೇ ಕತ್ತಲೆಕೋಣೆಗೆ ಓಡಿ ಬಾಗಿಲು ಹಾಕಿಕೊಂಡರು.

ಅವರು ಫಿಲ್ಮನ್ನು ಮೊದಲ ತೊಟ್ಟಿಗೆ ಇಳಿಸುತ್ತಿರುವಾಗ ಬಾಗಿಲಾಚೆಯಿಂದ ಬಿಗಿದ ಗಂಟಲಿನ ದನಿ ಬಂತು.

"ರೀ... ಬಿಡ್ಲಾ?"

ಆಮೇಲೆ ಹಿರಿಯ ನರ್ಸ್ ಗಹಗಹಿಸಿ ನಕ್ಕದ್ದು ಕೇಳಿಸಿತು. "ಬಿಡಮ್ಮ ತಾಯಿ, ಬಿಡು! ಇವರನ್ನ ನಂಬ್ಕೊಂಡ್ರೆ ಅಷ್ಟೇ!"

ತೊಟ್ಟಿಯಿಂದ ತೊಟ್ಟಿಗೆ ಇಳಿಸಿ, ತೊಳೆದು, ಹನಿ ತೊಟ್ಟಿಕ್ಕುವ ಫಿಲ್ಮನ್ನು ಅವರು ಎತ್ತಿ ಹಿಡಿದರು. ಮೂಲೆಯ ಅಂಕಿಯಿಂದ ಒಂದು ಗೇಣು ಕೆಳಗೆ, ನಾಲ್ಕು ಬೆರಳು ಒಳಗೆ. ಪಕ್ಕೆಲುಬು, ಅದರಾಚೆ ಶ್ವಾಸಕೋಶದ ತಿಳಿಗಪ್ಪು. ಬೇರೇನೂ ಇಲ್ಲ. ಇಡೀ ಎದೆ ಮೋಡವಿಲ್ಲದ ಆಕಾಶದ ಹಾಗೆ ಇತ್ತು ಎಂದು ಅವರು ನನಗೆ ಹೇಳಿದಾಗ ಹೆಂಡತಿ, "ನನ್ನ ಎದೇನೂ ಬಿಡಲ್ಲ ನೋಡಿ" ಎಂದು ನಕ್ಕರು.

ಕೆಮ್ಮಿಗೆ ಕಾರಣ ಹೊದಿಕೆಯ ಹತ್ತಿಯ ನವಿರು ಎಂದು ಡಾಕ್ಟರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಲಿಯಲು ಹೇಳಿದರು. ದೊಡ್ಡ ಆಸ್ಪತ್ರೆಯ ಚೀಟಿಯನ್ನು ಅವರೇ ಹರಿದರು. ಆ ವಾರ ನಾಲ್ಕರಲ್ಲಿ ತೆಗೆದ ಫಿಲ್ಮ್‌ಗಳನ್ನೆಲ್ಲ ಉಸಿರಣ್ಣ ಮತ್ತೆ ತೆಗೆದುಕೊಟ್ಟರು. ಅಂಚೆಯವನ ಮನೆಗೆ ತಾವೇ ಹೋಗಿ ಕರೆದುಕೊಂಡು ಬಂದರು.

ದೇವರು ನಮ್ಮ ಮಾತಿಗೆ ಯಾವ ಕಡೆಯಿಂದ ಉತ್ತರ ಕೊಡುತ್ತಾನೋ ನಾನರಿಯೆ. ಆಕೆಯಂತೂ ಅದನ್ನು ಹುಡುಕಲು ಹೋಗುವುದಿಲ್ಲ. "ಕೇಳಿದ್ದು ಸಿಕ್ತು" ಎಂದು ದಾರ ಕಡಿದರು.

ಎದ್ದು ಹೊರಡುವ ಮುನ್ನ ಆಲ್ಬಮ್ ತೋರಿಸಿದರು. ಹನ್ನೆರಡನೆಯ ಪುಟದಲ್ಲಿ ಕೆಂಪು ಚಂದ್ರ, ಸ್ವಲ್ಪ ಓರೆಗೆ ಸರಿದದ್ದು. ಹಿಂದಿನವೆಲ್ಲಕ್ಕಿಂತ ಅದೇ ಹೆಚ್ಚು ಸ್ಪಷ್ಟವಾಗಿದೆ. ಅದರ ಮೇಲೆ ಮಸುಕಾದ ಒಂದು ಚುಕ್ಕೆ. ಅಳಿಸಲು ಬರುತ್ತದಂತೆ, ಅಳಿಸಿಲ್ಲ. ಕೆಳಗೆ ಉಸಿರಣ್ಣನ ಗುಂಡು ಅಕ್ಷರದಲ್ಲಿ ದಿನಾಂಕ, ಆಮೇಲೆ ಇಷ್ಟು: 'ಕ್ಯಾಮೆರಾ ನನ್ನದು. ಕೈ ಅವಳದು. ಚುಕ್ಕೆ ಧೂಳು.'

"ಮುಂದಿನ ಗ್ರಹಣಕ್ಕೂ ನಾನೇ ಒತ್ತೋದು" ಎಂದರು ಆಕೆ, ಮೂಗಿನ ಬಟ್ಟೆ ಬಿಗಿದು ನನ್ನ ದಿಂಬಿನ ಕವರನ್ನು ಯಂತ್ರಕ್ಕೆ ಕೊಡುತ್ತ. "ಇವರು ಕೊಳವೆ ಹೊರಲಿ."